ಸರ್ವೆಯರ್ ಬರುವ ಮುಂಚೆ: ಹೊಲ ಅಳೆಸುವವರಿಗೆ ಒಂದು ಕೈಪಿಡಿ

ಮೊದಲ ಸಲ ನಮ್ಮ ಹೊಲ ಅಳೆಸಲು ಹೋದಾಗ ನನ್ನ ಕೈಯಲ್ಲಿದ್ದದ್ದು ಪಹಣಿ ಒಂದೇ. ಫೀಸು ಕಟ್ಟಿ, ತಿಂಗಳುಗಟ್ಟಲೆ ಕಾದು, ನೋಟಿಸಿನಲ್ಲಿದ್ದ ದಿನ ಬೆಳಗ್ಗೆ ಏಳಕ್ಕೇ ಬದುವಿನ ಮೇಲೆ ನಿಂತಿದ್ದೆ. ಸರ್ವೆಯರ್ ಬಂದರು, ಕಡತ ಬಿಚ್ಚಿದರು, ನಾಲ್ಕು ಹಾಳೆ ತಿರುವಿ ಮತ್ತೆ ಕಟ್ಟಿದರು. ಅದರಲ್ಲಿ ಮೂಲ ಸರ್ವೆ ನಂಬರಿನ ಟಿಪ್ಪಣಿ, ಅಂದರೆ ಹಿಂದಿನ ಅಳತೆಯ ಅಂಕಿಗಳನ್ನು ಬರೆದಿಟ್ಟ ಹಾಳೆ ಇತ್ತು. ಆ ನಂಬರು ಒಡೆದಾಗ ಆದ ನಮ್ಮ ಹಿಸ್ಸೆಯದು ಇರಲಿಲ್ಲ. "ಇದಿಲ್ಲದೆ ಎಲ್ಲಿಂದ ಹಿಡಿಯಲಿ ಹೇಳಿ" ಅಂದರು. ಟೇಪು ಚೀಲದಿಂದ ಹೊರಗೇ ಬರಲಿಲ್ಲ. ಹಿಸ್ಸಾ ಟಿಪ್ಪಣಿ ಹುಡುಕಿಸುವಷ್ಟರಲ್ಲಿ ಮುಂಗಾರು ಬಂತು, ರಾಗಿ ಎದ್ದಿತು, ಅಳತೆ ಮುಂದಿನ ಬೇಸಿಗೆಗೆ ಹೋಯಿತು.

ಆ ವರ್ಷ ನನಗೆ ತಿಳಿದದ್ದು ಇಷ್ಟು. ಸರ್ವೆಯರ್ ನಿಮ್ಮ ಗಡಿಯನ್ನು ಹೊಸದಾಗಿ ತೀರ್ಮಾನಿಸುವುದಿಲ್ಲ. ಹಿಂದೆ ಯಾರೋ ಸರಪಳಿ ಎಳೆದು ಬರೆದಿಟ್ಟ ಗಡಿಯನ್ನು ನೆಲದ ಮೇಲೆ ಮತ್ತೊಮ್ಮೆ ತೋರಿಸುತ್ತಾರೆ. ಆ ಬರಹದಲ್ಲಿ ಏನಿದೆ ಎಂದು ಅರ್ಜಿ ಹಾಕುವ ಮುಂಚೆಯೇ ನಿಮಗೆ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಅದಕ್ಕೇ ಇಲ್ಲಿ ಕಾಗದದ ಮಾತು ಜಾಸ್ತಿ, ಟೇಪಿನ ಮಾತು ಕಡಿಮೆ.

ಯಾವ ಇಲಾಖೆ, ಯಾವ ಬಾಗಿಲು

ನಮಗೆ ಬೇಕಾದದ್ದು ರಾಜ್ಯ ಸರ್ಕಾರದ ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆ. ಇಷ್ಟುದ್ದ ಹೆಸರು ಯಾರೂ ಹೇಳುವುದಿಲ್ಲ, ಎಲ್ಲರ ಬಾಯಲ್ಲೂ ಅದು ಸರ್ವೆ ಆಫೀಸು. ತಾಲ್ಲೂಕಿನಲ್ಲಿ ಭೂದಾಖಲೆಗಳ ಸಹಾಯಕ ನಿರ್ದೇಶಕರು, ಅಂದರೆ ಎಡಿಎಲ್‌ಆರ್. ಜಿಲ್ಲೆಯಲ್ಲಿ ಉಪನಿರ್ದೇಶಕರು, ಡಿಡಿಎಲ್‌ಆರ್. ಹೊಲಕ್ಕೆ ಬರುವವರು ಸರ್ಕಾರಿ ಸರ್ವೆಯರ್ ಅಥವಾ ಇಲಾಖೆಯ ಪರವಾನಗಿ ಪಡೆದ ಸರ್ವೆಯರ್.

ಇದನ್ನು ಕೇಂದ್ರದ ಸರ್ವೆ ಆಫ್ ಇಂಡಿಯಾ ಜೊತೆ ಕೆಲವರು ಗೊಂದಲ ಮಾಡಿಕೊಳ್ಳುತ್ತಾರೆ. ಅದು 1767ರಲ್ಲಿ ಹುಟ್ಟಿದ ಸಂಸ್ಥೆ, ಇಡೀ ದೇಶದ ನಕ್ಷೆ ಬರೆಯುವುದು ಅದರ ಕೆಲಸ. ಅವರ 1:50,000 ಅಳತೆಯ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ 500 ಮೀಟರ್. ನಿಮ್ಮ ಎರಡು ಎಕರೆ ಹೊಲ ಅದರಲ್ಲಿ ಎರಡು ಮಿಲಿಮೀಟರ್ ಅಗಲವೂ ಇರುವುದಿಲ್ಲ. ಗುಡ್ಡ, ಹಳ್ಳ, ರಸ್ತೆ ನೋಡಲು ಅದು ಚೆಂದ. ಬದುವಿನ ಜಗಳಕ್ಕೆ ಅದನ್ನು ಹಿಡಿದುಕೊಂಡು ಹೋದರೆ ಪ್ರಯೋಜನವಿಲ್ಲ.

ಖಾಸಗಿ ಎಂಜಿನಿಯರನ್ನು ಕರೆಸಿ ಯಂತ್ರದಿಂದ ಅಳೆಸುವವರೂ ಇದ್ದಾರೆ. ಮನೆ ಕಟ್ಟಲು, ತೋಟದ ಸಾಲು ಹಾಕಲು, ಕೊಳವೆ ಎಳೆಯಲು ಆ ನಕ್ಷೆ ಸಾಕು. ಗಡಿ ತಕರಾರಿಗೆ ಮಾತ್ರ ಅದಕ್ಕೆ ಇಲಾಖೆಯ ನಕ್ಷೆಯ ತೂಕವಿಲ್ಲ.

ನಿಮಗೆ ಬೇಕಾದದ್ದು ಏನು?

ಕೌಂಟರಿನಲ್ಲಿ "ಸರ್ವೆ ಮಾಡಿಸಬೇಕು" ಅಂದರೆ ಆ ಕಡೆಯಿಂದ ಬರುವ ಪ್ರಶ್ನೆ "ಯಾವ ಸರ್ವೆ?" ಇಲ್ಲಿ ತಪ್ಪು ಖಾನೆಗೆ ಅರ್ಜಿ ಬಿದ್ದರೆ ತಿಂಗಳುಗಳು ಹೋಗುತ್ತವೆ.

ಹೊಲ ನಿಮ್ಮದೇ, ನಂಬರೂ ಪ್ರತ್ಯೇಕವಾಗಿಯೇ ಇದೆ, ಆದರೆ ಪಕ್ಕದವರು ಬದು ಸರಿಸಿದ್ದಾರೆ ಅನ್ನುವ ಅನುಮಾನ ಅಥವಾ ಬೇಲಿ ಹಾಕುವ ಮುಂಚೆ ಖಾತ್ರಿ ಬೇಕು ಅಂತಾದರೆ ಬೇಕಾದದ್ದು ಹದ್ದುಬಸ್ತು. ಇದರಿಂದ ಗಡಿ ಗೊತ್ತಾಗುತ್ತದೆ, ದಾಖಲೆಯಲ್ಲಿ ಹೊಸದೇನೂ ಹುಟ್ಟುವುದಿಲ್ಲ.

ಒಂದೇ ಸರ್ವೆ ನಂಬರಿನಲ್ಲಿ ನಾಲ್ಕಾರು ಹೆಸರು ಕೂತಿವೆ, ನಿಮ್ಮದು ಅದರ ಪೈಕಿ ಒಂದು ಎಕರೆ, ಆ ಒಂದು ಎಕರೆ ಯಾವ ಮೂಲೆಯದು ಎಂದು ಯಾವ ನಕ್ಷೆಯೂ ಹೇಳುವುದಿಲ್ಲ ಅಂತಾದರೆ ಬೇಕಾದದ್ದು ಪೋಡಿ. ಅಳತೆ ಆಗಿ, ನಿಮ್ಮ ತುಂಡಿಗೆ ಬೇರೆ ಹಿಸ್ಸಾ ನಂಬರು ಬೀಳುತ್ತದೆ, ಪಹಣಿ ಬೇರೆಯಾಗುತ್ತದೆ.

ನಂಬರಿನ ಒಂದು ಭಾಗವನ್ನು ಮಾರುತ್ತೀರಿ, ದಾನ ಕೊಡುತ್ತೀರಿ, ಅಣ್ಣತಮ್ಮಂದಿರು ವಿಭಾಗ ಮಾಡಿಕೊಳ್ಳುತ್ತೀರಿ ಅಂದರೆ ನೋಂದಣಿಗೆ ಮುಂಚೆಯೇ ಆ ತುಂಡನ್ನು ಅಳೆದು ಗುರುತಿಸಿದ 11ಇ ನಕ್ಷೆ ಬೇಕು. ಪತ್ರ ಮಾಡಿಸಿಬಿಟ್ಟು ಆಮೇಲೆ ಅಳೆಸುವ ಹಳೆಯ ಕ್ರಮದಿಂದಲೇ ಒಂದೇ ನಂಬರಿನಲ್ಲಿ ಹಲವರ ಹೆಸರು ಕೂತಿರುವ ಈಗಿನ 'ಪೈಕಿ' ಪಹಣಿಗಳಲ್ಲಿ ಅರ್ಧದಷ್ಟು ಹುಟ್ಟಿರುವುದು ಎಂದು ನನ್ನ ಅನಿಸಿಕೆ.

ಸರ್ಕಾರದಿಂದ ಮಂಜೂರಾದ ದರಖಾಸ್ತು ಜಮೀನಿನ ಕಥೆಯೇ ಬೇರೆ. ಅಲ್ಲಿ ಅಳತೆಗಿಂತ ಮುಂಚೆ ಮಂಜೂರಾತಿ ಕಡತ ಸಿಗಬೇಕು. ಕಂದಾಯದವರು ನಮೂನೆ 1ರಿಂದ 5 ತುಂಬಿ ಕಳಿಸಬೇಕು, ಆಮೇಲೆ ಸರ್ವೆಯವರ 6ರಿಂದ 10. ಮಂಜೂರಾದಾಗ ಕೊಟ್ಟ ಸಾಗುವಳಿ ಚೀಟಿಯ ಮೂಲಪ್ರತಿ ಮನೆಯಲ್ಲಿದ್ದರೆ ಅದನ್ನು ಚಿನ್ನದ ಹಾಗೆ ಕಾಪಾಡಿಕೊಳ್ಳಿ.

ಊರೊಳಗಿನ ಮನೆ, ಹಿತ್ತಿಲು ಇವಕ್ಕೆಲ್ಲ ಈ ದಾರಿ ಸಲ್ಲುವುದಿಲ್ಲ. ಗ್ರಾಮಠಾಣದ ಆಸ್ತಿಗಳನ್ನು 2020ರ ಏಪ್ರಿಲ್‌ನಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಅಳೆಯುತ್ತಿದ್ದಾರೆ. ಅದನ್ನು ವಿಚಾರಿಸಬೇಕಾದದ್ದು ಗ್ರಾಮ ಪಂಚಾಯಿತಿಯಲ್ಲಿ.

ನಾಲ್ಕು ಕಾಗದ

ಪಹಣಿ, ಆಕಾರ್‌ಬಂದ್, ಟಿಪ್ಪಣಿ, ಗ್ರಾಮ ನಕ್ಷೆ. ಯಾರದು ಎಂದು ಪಹಣಿ ಹೇಳುತ್ತದೆ, ಎಷ್ಟು ಎಂದು ಆಕಾರ್‌ಬಂದ್, ಹೇಗಿದೆ ಎಂದು ಟಿಪ್ಪಣಿ, ಎಲ್ಲಿದೆ ಎಂದು ಗ್ರಾಮ ನಕ್ಷೆ. (ಆಕಾರ್‌ಬಂದ್‌ನಲ್ಲಿರುವ 'ಆಕಾರ' ಅಂದರೆ ಕಂದಾಯ. ಹೊಲದ ಚಿತ್ರ ಇರುತ್ತದೆ ಅಂದುಕೊಂಡು ನಾನು ಮೊದಲು ಅದನ್ನೇ ತೆಗೆಸಿ ಪೆಚ್ಚಾಗಿದ್ದೆ.) ನಂಬರು ಒಡೆದಿದ್ದರೆ ಹಿಸ್ಸಾ ಟಿಪ್ಪಣಿಯನ್ನು ಹೆಸರಿಟ್ಟು ಕೇಳಿ. ಮೂಲ ಟಿಪ್ಪಣಿ ಕೊಟ್ಟು ಕಳಿಸಿದರೆ ನನ್ನ ಕಥೆಯೇ ನಿಮ್ಮದೂ ಆಗುತ್ತದೆ. ಜೊತೆಗೆ ಕ್ರಯಪತ್ರ ಅಥವಾ ವಿಭಾಗಪತ್ರ, ಮುಟೇಷನ್ (ಹಕ್ಕು ಬದಲಾವಣೆಯ ದಾಖಲೆ) ನಕಲು.

ಪಹಣಿಯನ್ನು ಕಂದಾಯ ಇಲಾಖೆಯ 'ಭೂಮಿ' ತಂತ್ರಾಂಶದಲ್ಲಿ ಮನೆಯಲ್ಲೇ ಕೂತು ನೋಡಬಹುದು. ಗ್ರಾಮ ನಕ್ಷೆ ಇಲಾಖೆಯ ತಾಣದಲ್ಲಿ ಪಿಡಿಎಫ್ ಆಗಿ ಸಿಗುತ್ತದೆ. ಆಕಾರ್‌ಬಂದ್, ಟಿಪ್ಪಣಿಗಳಿಗೆ ತಾಲ್ಲೂಕಿನ ದಾಖಲೆ ಕೊಠಡಿಯಲ್ಲಿ ಕೇಳಿ. ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಕೆಲಸ ನಡೆದಿರುವ ತಾಲ್ಲೂಕಾದರೆ ನಕಲು ಬೇಗ ಸಿಗುತ್ತದೆ. ಇಲ್ಲದಿದ್ದರೆ ಕಟ್ಟು ಬಿಚ್ಚಿ ಹುಡುಕುವ ತನಕ ಕಾಯಬೇಕು.

ಪಹಣಿಯನ್ನು ಹೀಗೆ ಓದಿ. ಸರ್ವೆ ನಂಬರಿನ ಪಕ್ಕದಲ್ಲಿ ನಕ್ಷತ್ರದ ಗುರುತು ಇದ್ದರೆ ಗಾಬರಿ ಬೇಡ, ಸರ್ನೋಕ್ ಎಂಬ ಖಾನೆ ಖಾಲಿ ಎಂದಷ್ಟೇ ಅದರ ಅರ್ಥ. ಮೂರನೇ ಕಾಲಮಿನಲ್ಲಿ ಒಟ್ಟು ವಿಸ್ತೀರ್ಣ, ಅದರ ಕೆಳಗೆ ಅ ಖರಾಬು, ಬ ಖರಾಬು, ಉಳಿದದ್ದು. ಅ ಖರಾಬು ಅಂದರೆ ಬಂಡೆ, ಕಣ, ಹೀಗೆ ಸಾಗುವಳಿಗೆ ಬಾರದ ನೆಲ, ಆದರೂ ನಿಮ್ಮ ಹಿಡುವಳಿಯೊಳಗಿನದು. ಬ ಖರಾಬು ಅಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉಪಯೋಗದ ನೆಲ. ಅದನ್ನು ಅಳೆದು ನಿಮಗೆ ಕೊಡುವುದಿಲ್ಲ. "ನಮ್ಮ ಹೊಲದಲ್ಲಿ ನಾಲ್ಕು ಗುಂಟೆ ಕಡಿಮೆ ಬಂತು" ಎಂದು ಕೂಗಾಡುವವರ ಪಹಣಿ ತೆಗೆದು ನೋಡಿದರೆ ಎಷ್ಟೋ ಸಲ ಆ ನಾಲ್ಕು ಗುಂಟೆ ಬ ಖರಾಬಿನಲ್ಲಿ ಹಾಯಾಗಿ ಕೂತಿರುತ್ತದೆ.

ಈಗ ಒಂಬತ್ತನೇ ಕಾಲಮಿಗೆ ಬನ್ನಿ. ಅಲ್ಲಿರುವ ಹೆಸರುಗಳ ಮುಂದಿನ ವಿಸ್ತೀರ್ಣಗಳನ್ನು ಕೂಡಿ. ಒಂದು ಉದಾಹರಣೆ: ಒಟ್ಟು 4 ಎಕರೆ 20 ಗುಂಟೆ. ಅ ಖರಾಬು 6 ಗುಂಟೆ, ಬ ಖರಾಬು 4 ಗುಂಟೆ ಕಳೆದರೆ ಉಳಿದದ್ದು 4 ಎಕರೆ 10 ಗುಂಟೆ. ಒಂಬತ್ತನೇ ಕಾಲಮಿನಲ್ಲಿ ನಾಲ್ಕು ಜನ: 1 ಎಕರೆ 20, 1 ಎಕರೆ 10, 1 ಎಕರೆ, ಮತ್ತೆ 24 ಗುಂಟೆ. ಕೂಡಿದರೆ 4 ಎಕರೆ 14 ಗುಂಟೆ. ನಾಲ್ಕು ಗುಂಟೆ ಕಾಗದದ ಮೇಲೆ ಹೆಚ್ಚಿದೆ, ನೆಲದ ಮೇಲೆ ಇಲ್ಲ. ಎಂಥ ಸರ್ವೆಯರ್ ಬಂದರೂ ಆ ನಾಲ್ಕು ಗುಂಟೆಯನ್ನು ಹುಟ್ಟಿಸಲು ಆಗುವುದಿಲ್ಲ. ಮೊದಲು ತಹಶೀಲ್ದಾರರ ಹತ್ತಿರ ಪಹಣಿ ತಿದ್ದುಪಡಿಗೆ ಹೋಗಬೇಕು, ಅಳತೆ ಆಮೇಲೆ. ಹಾಗೆಯೇ ಪಹಣಿಯ ಒಟ್ಟು ಅಂಕಿ ಆಕಾರ್‌ಬಂದ್‌ನ ಅಂಕಿಗೆ ತಾಳೆ ಆಗುತ್ತದೆಯೇ ನೋಡಿ. ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇದ್ದರೆ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಮಾಡಿಸಿಕೊಂಡೇ ಮುಂದಿನ ಮಾತು.

ಟಿಪ್ಪಣಿ ಓದುವುದು

ಇದನ್ನು ಯಾರೂ ಹೇಳಿಕೊಡುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೈಸೂರು ಸಂಸ್ಥಾನದಲ್ಲಿ ಕಂದಾಯ ಮೋಜಿಣಿ (ಭೂಮಿಯ ಅಳತೆ) ಶುರುವಾದದ್ದು 1863ರಲ್ಲಿ, ಬಾಂಬೆ ಪ್ರಾಂತ್ಯದ ಪದ್ಧತಿಯನ್ನು ಅನುಸರಿಸಿ. ಹಾಗಾಗಿ ಧಾರವಾಡದ ಕಡೆಯವರ ಟಿಪ್ಪಣಿಗೂ ಹಾಸನದ ಕಡೆಯವರ ಟಿಪ್ಪಣಿಗೂ ಭಾಷೆ ಹೆಚ್ಚುಕಡಿಮೆ ಒಂದೇ: ಸರಪಳಿ ಮತ್ತು ಆಣೆ. ಒಂದು ಸರಪಳಿ 33 ಅಡಿ, ಒಂದು ಸರಪಳಿಗೆ 16 ಆಣೆ. ಅಂದರೆ ಒಂದು ಆಣೆ ಎರಡು ಅಡಿಗಿಂತ ಒಂದು ಕೂದಲು ಜಾಸ್ತಿ. ವಿಸ್ತೀರ್ಣದಲ್ಲೂ 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ.

ಹಾಳೆಯಲ್ಲಿ ಕಾಣುವುದು ಕೈಯಲ್ಲಿ ಗೀಚಿದ ಒಂದು ಆಕೃತಿ. ಒಂದು ಮೂಲೆಯಿಂದ ಎದುರು ಮೂಲೆಗೆ ಒಂದು ಉದ್ದ ಗೆರೆ. ಅದೇ ಆಧಾರ ಗೆರೆ. ಅದರ ಎಡಬಲಕ್ಕೆ ಉಳಿದ ಮೂಲೆಗಳ ಕಡೆಗೆ ನೇರ ಕೋನದಲ್ಲಿ ಚಿಕ್ಕ ಗೆರೆಗಳು. ಎಲ್ಲದರ ಮೇಲೂ ಅಂಕಿ. ಚಿತ್ರ ಪ್ರಮಾಣಕ್ಕೆ ಬರೆದದ್ದಲ್ಲ, ಅದಕ್ಕೆ ಸ್ಕೇಲ್ ಇಟ್ಟು ಅಳೆಯಬೇಡಿ. ನಂಬಬೇಕಾದದ್ದು ಅಂಕಿಗಳನ್ನು.

ಆಧಾರ ಗೆರೆ 9 ಸರಪಳಿ 4 ಆಣೆ ಎಂದಿದೆ ಅಂದುಕೊಳ್ಳಿ. ಅದು 9.25 ಸರಪಳಿ, ಅಂದರೆ 305 ಅಡಿ 3 ಅಂಗುಲ. ಅದರ ಎಡಕ್ಕಿರುವ ಒಂದು ಮೂಲೆಗೆ ಹೋಗುವ ಅಡ್ಡಗೆರೆ 3 ಸರಪಳಿ 8 ಆಣೆ, ಅಂದರೆ ಮೂರೂವರೆ ಸರಪಳಿ, ಅಂದರೆ 115 ಅಡಿ 6 ಅಂಗುಲ. ಈ ಎರಡರಿಂದ ಆಗುವ ತ್ರಿಕೋನದ ವಿಸ್ತೀರ್ಣ ಎಷ್ಟು? ಇಲ್ಲೊಂದು ಸೊಗಸಿದೆ. 33 ಅಡಿಗೆ 33 ಅಡಿ ಗುಣಿಸಿದರೆ 1089 ಚದರಡಿ, ಅದೇ ಒಂದು ಗುಂಟೆ. ಆದ್ದರಿಂದ ಸರಪಳಿಯನ್ನು ಸರಪಳಿಯಿಂದ ಗುಣಿಸಿದರೆ ಉತ್ತರ ನೇರವಾಗಿ ಗುಂಟೆಯಲ್ಲೇ ಬರುತ್ತದೆ. 9.25ನ್ನು 3.5ರಿಂದ ಗುಣಿಸಿ ಅರ್ಧ ಮಾಡಿ: 16.1875. ಅಂದರೆ 16 ಗುಂಟೆ 3 ಆಣೆ. ಆಧಾರ ಗೆರೆಯ ಬಲಕ್ಕೂ ಹೀಗೇ ಲೆಕ್ಕ ಹಾಕಿ ಕೂಡಿದರೆ ಹೊಲದ ಪೂರ್ತಿ ವಿಸ್ತೀರ್ಣ ಸಿಗುತ್ತದೆ. ಐದಾರು ಮೂಲೆ ಇದ್ದರೆ ನಡುವೆ ಒಂದೆರಡು ಸಮಲಂಬಗಳೂ ಬರುತ್ತವೆ, ಹೈಸ್ಕೂಲಿನ ಸೂತ್ರ ಸಾಕು. ಆಕಾರ್‌ಬಂದ್‌ನ ಅಂಕಿಗೆ ಅದು ಹತ್ತಿರ ಬಂದರೆ ನಿಮ್ಮ ಕೈಯಲ್ಲಿರುವುದು ಸರಿಯಾದ ಟಿಪ್ಪಣಿ.

ಮಂಗಳೂರು, ಉಡುಪಿ ಕಡೆಯ ಕರಾವಳಿಯವರಿಗೆ ಈ ಲೆಕ್ಕ ಹೊಂದುವುದಿಲ್ಲ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾರಣ ಅಲ್ಲಿ ಎಕರೆ, ಸೆಂಟ್ಸು. ನೂರು ಸೆಂಟ್ಸಿಗೆ ಒಂದು ಎಕರೆ, ಎರಡೂವರೆ ಸೆಂಟ್ಸಿಗೆ ಒಂದು ಗುಂಟೆ. ಮಂಗಳೂರು ಕಡೆ ಜಾಗ ತೆಗೆದುಕೊಳ್ಳುವ ಘಟ್ಟದ ಮೇಲಿನವರು ಇದನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ.

ಹೊಲ ಸುತ್ತಿ ಬನ್ನಿ

ಟಿಪ್ಪಣಿ ನಕಲು, ಗ್ರಾಮ ನಕ್ಷೆ ಹಿಡಿದು ಒಂದು ಬೆಳಗ್ಗೆ ಹೊಲ ಸುತ್ತಿ. ಕುಡುಗೋಲು ಒಯ್ಯಿರಿ. ಗಡಿ ಗುರುತಿಗೆ ನೆಟ್ಟ ಹಳೆಯ ಬಾಂದು ಕಲ್ಲುಗಳು ಲಂಟಾನದ ಪೊದೆಯಲ್ಲೋ, ಹುತ್ತದ ಪಕ್ಕದಲ್ಲೋ, ಬದುವಿನ ಮಣ್ಣಿನಡಿಯಲ್ಲೋ ಇರುತ್ತವೆ. ಎರಡು ಕಲ್ಲು ಸಿಕ್ಕರೂ ದೊಡ್ಡ ಲಾಭ. ಟಿಪ್ಪಣಿಯಲ್ಲಿ ಅವುಗಳ ನಡುವೆ ಇರುವ ಅಂತರವನ್ನು ನೆಲದ ಮೇಲೆ ಟೇಪು ಹಿಡಿದು ನೋಡಿ. ತಾಳೆ ಆದರೆ ಅವು ಜಾಗ ಬಿಟ್ಟು ಕದಲಿಲ್ಲ ಎಂದು ನಂಬಬಹುದು. ಮೂರು ಊರಿನ ಗಡಿ ಸೇರುವ ಕಲ್ಲು ಹತ್ತಿರದಲ್ಲಿದ್ದರೆ ಅದನ್ನೂ ಗುರುತು ಮಾಡಿಕೊಳ್ಳಿ, ಅಂಥ ಕಲ್ಲನ್ನು ಕಿತ್ತುಹಾಕುವ ಧೈರ್ಯ ಸಾಮಾನ್ಯವಾಗಿ ಯಾರಿಗೂ ಬರುವುದಿಲ್ಲ.

ಊರಿನ ಹಿರಿಯರನ್ನು ಕೇಳಿ. "ಆ ಹೊಂಗೆ ಮರದ ಬುಡಕ್ಕೆ ಇತ್ತು" ಎನ್ನುವ ಒಂದು ಮಾತು ಅರ್ಧ ದಿನದ ಕೆಲಸ ಉಳಿಸುತ್ತದೆ.

ದಿಶಾಂಕ್ ಆ್ಯಪ್ ಎಲ್ಲರ ಫೋನಿನಲ್ಲೂ ಇದೆ. ಅದರಲ್ಲಿ ನಿಂತ ಜಾಗದ ಸರ್ವೆ ನಂಬರು ಕಾಣುತ್ತದೆ, ಅಪರಿಚಿತ ಊರಲ್ಲಿ ಜಾಗ ನೋಡಲು ಹೋದಾಗ ಬಹಳ ಉಪಯೋಗ. ಆದರೆ ಹಳೆಯ ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಹೊಂದಿಸಿ ಕೂರಿಸಿರುವುದು ಅದು. ಗೆರೆ ಎಷ್ಟೋ ಅಡಿ ಅತ್ತಿತ್ತ ಇರಬಹುದು, ಫೋನಿನ ಜಿಪಿಎಸ್ ಇನ್ನಷ್ಟು ಓಲಾಡುತ್ತದೆ. ಆ್ಯಪ್ ನೋಡಿಕೊಂಡು ಕಂಬ ನೆಟ್ಟು, ಬೇಲಿ ಹಾಕಿ, ಆಮೇಲೆ ಪಂಚಾಯಿತಿ ಕಟ್ಟೆ ಹತ್ತಿದವರನ್ನು ನಾನು ಬಲ್ಲೆ.

ಅರ್ಜಿ, ನೋಟಿಸು

ಅರ್ಜಿ ನಾಡಕಚೇರಿಯಲ್ಲಿ, ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ ಕೊಡಬಹುದು. ಆನ್‌ಲೈನಿನಲ್ಲೂ ಸಾಧ್ಯ. ಅದು ಸರ್ವೆ ಇಲಾಖೆಯ 'ಮೋಜಿಣಿ' ತಂತ್ರಾಂಶಕ್ಕೆ ಸೇರಿ ಒಂದು ಅರ್ಜಿ ಸಂಖ್ಯೆ ಬರುತ್ತದೆ. ಕಡತ ಯಾವ ಸರ್ವೆಯರ್ ಕೈಗೆ ಹೋಗಬೇಕು ಎಂಬುದೂ ಅಲ್ಲೇ ಹಂಚಿಕೆಯಾಗುತ್ತದೆ. ಫೀಸಿನ ದರ ಅಳತೆಯ ಬಗೆ, ವಿಸ್ತೀರ್ಣ ನೋಡಿಕೊಂಡು ಇರುತ್ತದೆ, ಆಗಾಗ ಬದಲಾಗುತ್ತದೆ. ಅಂದಿನ ದರ ಕೇಳಿ, ಕಟ್ಟಿ, ರಸೀದಿ ಇಟ್ಟುಕೊಳ್ಳಿ. ರಸೀದಿ ಇಲ್ಲದ ಹಣ ಫೀಸಲ್ಲ. ಹದ್ದುಬಸ್ತು ಗೊತ್ತಾದ ಅವಧಿಯೊಳಗೆ ಮಾಡಿಕೊಡಬೇಕೆನ್ನುವ ಸಕಾಲ ಕಾಯ್ದೆಯಡಿ ಬರುವ ಸೇವೆ, ಅರ್ಜಿ ಸಂಖ್ಯೆ ಇದ್ದರೆ ಕಡತ ಎಲ್ಲಿ ಮಲಗಿದೆ ಎಂದು ಕೇಳುವ ಹಕ್ಕು ನಿಮ್ಮದು.

ಯಾವಾಗ ಅರ್ಜಿ ಹಾಕಬೇಕು ಎಂಬುದೂ ಮುಖ್ಯ. ಬೆಳೆ ನಿಂತ ಹೊಲದಲ್ಲಿ ಟೇಪು ಎಳೆಯಲು ಆಗುವುದಿಲ್ಲ, ಪಕ್ಕದವರು ಕಾಲಿಡಲೂ ಬಿಡುವುದಿಲ್ಲ. ಮಳೆ ಆಶ್ರಯದ ಹೊಲವಾದರೆ ಸುಗ್ಗಿ ಮುಗಿದು ಮುಂಗಾರು ಉಳುಮೆ ಶುರುವಾಗುವ ನಡುವೆ ಸರ್ವೆಯರ್ ಹೊಲಕ್ಕೆ ಬರುವ ಹಾಗೆ ಹಿಂದಕ್ಕೆ ಲೆಕ್ಕ ಹಾಕಿ. ಸುಗ್ಗಿಗೆ ಮುಂಚೆಯೇ ಅರ್ಜಿ ಬಿದ್ದಿರಬೇಕು.

ಬಾಜುದಾರರಿಗೆಲ್ಲ, ಅಂದರೆ ಪಕ್ಕದ ಹೊಲಗಳವರಿಗೆಲ್ಲ ನೋಟಿಸು ಹೋಗಬೇಕು. ನೋಟಿಸು ಮುಟ್ಟದ ಒಬ್ಬರಿದ್ದರೂ ನಾಳೆ ಆ ಅಳತೆಯನ್ನೇ ಪ್ರಶ್ನಿಸಲು ಅವರಿಗೆ ಕಾರಣ ಸಿಗುತ್ತದೆ. ಆದ್ದರಿಂದ ಅರ್ಜಿಯಲ್ಲಿ ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಹೆಸರುಗಳನ್ನು ಹಳೆಯ ಕ್ರಯಪತ್ರದಿಂದ ನಕಲು ಮಾಡಬೇಡಿ, ಈಗಿನ ಪಹಣಿ ತೆಗೆದು ಬರೆಯಿರಿ. ನೋಟಿಸು ತಲುಪುವ ಮುಂಚೆ ನೀವೇ ಒಂದು ಸಲ ಹೋಗಿ ಹೇಳುವುದು ಒಳ್ಳೆಯದು. ಸರ್ಕಾರಿ ಲಕೋಟೆ ನೋಡಿದ ಕೂಡಲೇ "ಕೇಸು ಹಾಕಿದಾರೆ" ಎಂದು ತಿಳಿಯುವವರು ಇನ್ನೂ ಇದ್ದಾರೆ.

ಅಳತೆಯ ದಿನ

ಹಾರೆ, ಗುದ್ದಲಿ, ಕುಡುಗೋಲು, ಸುಣ್ಣ, ಕುಡಿಯುವ ನೀರು, ಕೆಲಸಕ್ಕೆ ಇಬ್ಬರು ಆಳು, ಮೂಲೆಗಳ ಲೆಕ್ಕಕ್ಕೆ ಕಲ್ಲು. ಇವು ನಿಮ್ಮ ಜವಾಬ್ದಾರಿ. ಕಲ್ಲು ಹಿಂದಿನ ದಿನವೇ ಹೊಲದಲ್ಲಿ ಬಿದ್ದಿರಲಿ.

ಸರ್ವೆಯರ್ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಎಲ್ಲಿಂದ ಹಿಡಿಯುತ್ತೀರಿ? ಅಳತೆ ಶುರುವಾಗಬೇಕಾದದ್ದು ತಕರಾರಿಲ್ಲದ ಗುರುತಿನಿಂದ. ಹಳೆಯ ಬಾಂದು, ಗಡಿಕಲ್ಲು, ಎಲ್ಲರೂ ಒಪ್ಪಿದ ಮೂಲೆ, ಇಂಥದ್ದು. ಈಗಿರುವ ಬದುವನ್ನೇ ಗಡಿ ಎಂದು ಹಿಡಿದುಬಿಟ್ಟರೆ ತಕರಾರಿನ ಬುಡದಿಂದಲೇ ಅಳತೆ ಹೊರಟ ಹಾಗಾಯಿತು. ಎಷ್ಟೋ ಸಲ ಪಕ್ಕದ ಸರ್ವೆ ನಂಬರನ್ನೂ, ಅದರಾಚೆಯದನ್ನೂ ಅಳೆದು ಬರಬೇಕಾಗುತ್ತದೆ. ನಮ್ಮ ಎರಡನೇ ಅಳತೆಯಲ್ಲಿ ಹೀಗೇ ಆಯಿತು. ಪಕ್ಕದವನು ನಮ್ಮ ಕಡೆಗೆ ಒತ್ತಿದ್ದ ಎಂದು ಇಪ್ಪತ್ತು ವರ್ಷ ಮಾತು ಬಿಟ್ಟಿದ್ದೆವು. ಅಳೆದು ನೋಡಿದರೆ ಅವನನ್ನು ಆಚೆ ಕಡೆಯವರು ಒತ್ತಿದ್ದರು, ಅವನು ಇತ್ತ ಜರುಗಿದ್ದ. ಅವನಿಗೂ ಅದು ಗೊತ್ತಿರಲಿಲ್ಲ.

ಅಳೆಯಲು ಹಿಂದೆ ಸರಪಳಿ ಮತ್ತು ನೇರ ಕೋನ ತೋರಿಸುವ ಕ್ರಾಸ್ ಸ್ಟಾಫ್ ಇತ್ತು. ಈಗ ಟೇಪು, ದೂರ ಮತ್ತು ಕೋನ ಅಳೆಯುವ ಟೋಟಲ್ ಸ್ಟೇಷನ್ ಯಂತ್ರ, ಈಚೆಗೆ ಉಪಗ್ರಹದ ಸಂಕೇತ ಹಿಡಿಯುವ ರೋವರ್. ಯಂತ್ರ ಯಾವುದೇ ಇರಲಿ, ಹೋಲಿಸುವುದು ಆ ಹಳೆಯ ಅಂಕಿಗಳ ಜೊತೆಗೇ. ಟೇಪು ಬಳಸಿದರೆ ಒಂದು ಕಡೆ ಕಣ್ಣಿಡಿ: ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ಮಲಗಿಸಿ ಅಳೆದರೆ ಉದ್ದ ಜಾಸ್ತಿ ಬರುತ್ತದೆ. ಮಟ್ಟಸವಾಗಿ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ಅಳೆಯಬೇಕು. ಮಲೆನಾಡಿನ ಕಾಫಿ ತೋಟಗಳಲ್ಲಿ ಇದರಿಂದಲೇ ಗುಂಟೆಗಳು ಹೆಚ್ಚುಕಡಿಮೆ ಆಗುವುದು.

ಅಳತೆ ಮುಗಿದ ಮೇಲೆ ಮಹಜರು (ಸ್ಥಳದಲ್ಲಿ ನಡೆದದ್ದರ ವರದಿ), ಹೇಳಿಕೆ, ಸಹಿ. ಓದಿ ಸಹಿ ಹಾಕಿ. ಒಪ್ಪಿಗೆ ಇಲ್ಲದಿದ್ದರೆ ಸಹಿ ಹಾಕದೆ ಎದ್ದುಹೋಗುವುದಕ್ಕಿಂತ ಏಕೆ ಒಪ್ಪಿಗೆ ಇಲ್ಲ ಎಂದು ಅದೇ ಹೇಳಿಕೆಯಲ್ಲಿ ಎರಡು ಸಾಲು ಬರೆಸಿ ಸಹಿ ಹಾಕುವುದು ಜಾಣತನ. ಮುಂದೆ ಮೇಲ್ಮನವಿಗೆ ಹೋದರೆ ಅಂದೇ ನೀವು ಆಕ್ಷೇಪಿಸಿದ್ದಿರಿ ಎನ್ನುವುದಕ್ಕೆ ಆ ಎರಡು ಸಾಲೇ ಸಾಕ್ಷಿ.

ಕಲ್ಲನ್ನು ಸರ್ವೆಯರ್ ಎದುರಿನಲ್ಲೇ, ಬಾಜುದಾರರ ಎದುರಿನಲ್ಲೇ ನೆಡಿಸಿ. ನಮ್ಮ ಅಜ್ಜಿಯ ಊರಿನವರು ಕಲ್ಲಿನ ಗುಂಡಿಗೆ ಒಂದು ಹಿಡಿ ಇದ್ದಿಲು ಹಾಕುತ್ತಿದ್ದರು. ಇದ್ದಿಲು ಕೊಳೆಯುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ. ಯಾರಾದರೂ ರಾತ್ರಿ ಕಲ್ಲು ಕಿತ್ತರೂ ಅಗೆದರೆ ಕಪ್ಪು ಮಣ್ಣು ಜಾಗ ಹೇಳುತ್ತದೆ. ನಾನೂ ಹಾಕಿಸಿದೆ. ಸರ್ವೆಯರ್ ನೋಡಿ ನಕ್ಕರು, ಬೇಡ ಅನ್ನಲಿಲ್ಲ. ಇಲಾಖೆ ನೆಟ್ಟ ಗುರುತಿನ ಕಲ್ಲನ್ನು ಕೀಳುವುದು ಅಪರಾಧ ಎಂಬುದೂ ನೆನಪಿರಲಿ. ನೀವು ಕಿತ್ತರೂ ಅಪರಾಧವೇ.

ಒತ್ತುವರಿ ಕಂಡರೆ, ಅಳತೆ ಒಪ್ಪದಿದ್ದರೆ

ಜನ ತಪ್ಪು ತಿಳಿಯುವ ಜಾಗ ಇದು. ಹದ್ದುಬಸ್ತಿನಲ್ಲಿ ಮೂರು ಗುಂಟೆ ಒತ್ತುವರಿ ಎಂದು ಬಂದರೆ ಸರ್ವೆಯರ್ ಅದನ್ನು ನಕ್ಷೆಯಲ್ಲಿ ತೋರಿಸುತ್ತಾರೆ. ಬಿಡಿಸಿಕೊಡುವುದು ಅವರ ಕೆಲಸವಲ್ಲ. ಒತ್ತುವರಿ ಸರ್ಕಾರಿ ಜಾಗದ್ದಾದರೆ ತಹಶೀಲ್ದಾರರು ನೋಡುತ್ತಾರೆ. ಖಾಸಗಿಯವರ ನಡುವಿನದ್ದಾದರೆ ಒಪ್ಪಿ ಬಿಡಬೇಕು, ಇಲ್ಲವೇ ಸಿವಿಲ್ ಕೋರ್ಟು. ತಡ ಮಾಡಬೇಡಿ. ತನ್ನದೇ ಎಂದು ಹನ್ನೆರಡು ವರ್ಷ ಬಹಿರಂಗವಾಗಿ, ಎಡೆಬಿಡದೆ ಅನುಭವಿಸಿಕೊಂಡು ಬಂದೆ ಎಂಬ ವಾದ ಕೋರ್ಟಿನಲ್ಲಿ ಇನ್ನೂ ಜೀವಂತವಾಗಿದೆ.

ಅಳತೆಯೇ ತಪ್ಪು ಎಂದು ಅನಿಸಿದರೆ ಎಡಿಎಲ್‌ಆರ್‌ಗೆ ಬರಹದಲ್ಲಿ ಕೊಡಿ, ಮೇಲ್ವಿಚಾರಕರಿಂದ ಮರು ಅಳತೆ ಕೇಳಿ. ಅಲ್ಲೂ ಸರಿಹೋಗದಿದ್ದರೆ ಡಿಡಿಎಲ್‌ಆರ್. "ಅಳತೆ ಸರಿಯಿಲ್ಲ" ಎಂದಷ್ಟೇ ಬರೆದ ಅರ್ಜಿ ನಿಲ್ಲುವುದಿಲ್ಲ. "ಟಿಪ್ಪಣಿಯಲ್ಲಿ ಈ ಎರಡು ಕಲ್ಲುಗಳ ನಡುವೆ 7 ಸರಪಳಿ, ತೋರಿಸಿದ್ದು 6 ಸರಪಳಿ 10 ಆಣೆ" ಎಂದು ಬರೆದರೆ ಓದುವವರು ಹಾಳೆ ತಿರುವಲೇಬೇಕು. ಕೋರ್ಟಿಗೆ ಹೋದರೂ ಅಲ್ಲಿಂದ ಕಮಿಷನರ್ ಆಗಿ ಅಳೆಯಲು ಬರುವವರು ಸಾಮಾನ್ಯವಾಗಿ ಇದೇ ಇಲಾಖೆಯವರು, ಕೇಳುವುದೂ ಅದೇ ಟಿಪ್ಪಣಿಯನ್ನು.

11ಇ ಹಾದಿ

ಭಾಗ ಮಾರುವವರು ನೆನಪಿಡಬೇಕಾದ ಸರಣಿ ಹೀಗಿದೆ. ಮಾರುವವರ ಹೆಸರಿನಲ್ಲಿ ಅರ್ಜಿ, ಅಳತೆ, ಯಾವ ತುಂಡು ಮಾರಾಟಕ್ಕೆ ಎಂದು ನಕ್ಷೆಯಲ್ಲಿ ಗುರುತು, ಮೇಲ್ವಿಚಾರಕರ ತಪಾಸಣೆ, ಎಡಿಎಲ್‌ಆರ್ ಅನುಮೋದನೆ. ಆ ನಕ್ಷೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಕಾವೇರಿ ತಂತ್ರಾಂಶದಲ್ಲಿ ಪತ್ರದ ಜೊತೆ ಸೇರುತ್ತದೆ. ನೋಂದಣಿಯಾದ ಮಾಹಿತಿ ಜೆ ಸ್ಲಿಪ್ ಎಂಬ ಸೂಚನೆಯ ಮೂಲಕ ಭೂಮಿ ತಂತ್ರಾಂಶಕ್ಕೆ ಹೋಗಿ ಮುಟೇಷನ್ ಆಗುತ್ತದೆ, ಹೊಸ ಹಿಸ್ಸಾ ನಂಬರಿನ ಪಹಣಿ ಬರುತ್ತದೆ. ಕೊಳ್ಳುವವರು ಅಳತೆಯ ದಿನ ಖುದ್ದು ಹೊಲದಲ್ಲಿರಬೇಕು. ರಸ್ತೆ ಪಕ್ಕದ ತುಂಡು ತೋರಿಸಿ, ನಕ್ಷೆಯಲ್ಲಿ ಹಿಂದಿನ ತುಂಡು ಬರೆಸಿದ ಪ್ರಸಂಗಗಳಿವೆ. ಒಳಗಿನ ತುಂಡು ಕೊಳ್ಳುವುದಾದರೆ ದಾರಿಯನ್ನು ನಕ್ಷೆಯಲ್ಲೂ ಪತ್ರದಲ್ಲೂ ಅಡಿ ಲೆಕ್ಕದಲ್ಲಿ ಬರೆಸಿಕೊಳ್ಳಿ. "ದಾರಿ ಬಿಡ್ತೀವಿ ಬಿಡಿ" ಎಂಬ ಬಾಯಿಮಾತು ಮಾರಿದವರ ಮಕ್ಕಳ ಕಾಲಕ್ಕೆ ಉಳಿಯುವುದಿಲ್ಲ.

ಪೋಡಿಗೂ ಹೆಚ್ಚುಕಡಿಮೆ ಇದೇ ದಾರಿ. ಕಷ್ಟ ಒಂದೇ, ಅದೇ ನಂಬರಿನ ಉಳಿದ ಪಾಲುದಾರರು. ಒಬ್ಬರು ತಕರಾರು ಎತ್ತಿದರೂ ಕಡತ ನಿಂತುಬಿಡಬಹುದು. ಯಾರು ಯಾವ ಮೂಲೆಯಲ್ಲಿ ಉಳುತ್ತಿದ್ದಾರೆ ಎಂದು ಮೊದಲು ಮನೆಯ ಜಗುಲಿಯ ಮೇಲೆ ಒಂದು ಹಾಳೆಯಲ್ಲಿ ಬರೆದು, ಎಲ್ಲರೂ ಒಪ್ಪಿದ ಮೇಲೆ ಅರ್ಜಿ ಹಾಕುವುದೇ ಹತ್ತಿರದ ದಾರಿ.

ಬೆಂಗಳೂರಿನಲ್ಲೋ ವಿದೇಶದಲ್ಲೋ ಇದ್ದು ಬರಲಾಗದವರು ಅಧಿಕಾರ ಪತ್ರ ಕೊಟ್ಟು ಯಾರನ್ನಾದರೂ ನಿಲ್ಲಿಸಬಹುದು. ವಿದೇಶದಲ್ಲಿ ಮಾಡಿಸಿದ ಪತ್ರ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಣವಾಗಿರಲಿ, ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿ. ಅಳತೆಗೆ ಹಾಜರಿರುವುದು, ಸಹಿ ಹಾಕುವುದು, ಇಷ್ಟಕ್ಕೇ ಅಧಿಕಾರ ಎಂದು ಬರೆಯಿರಿ. ಮಾರುವ ಅಧಿಕಾರವನ್ನೂ ಅದರಲ್ಲೇ ತುರುಕುವ ಸಿದ್ಧ ನಮೂನೆಗಳಿಗೆ ಕಣ್ಣುಮುಚ್ಚಿ ಸಹಿ ಹಾಕಬೇಡಿ.

ನಕ್ಷೆ ಕೈಗೆ ಬಂದ ಮೇಲೆ

ದೃಢೀಕೃತ ನಕಲು ತೆಗೆದುಕೊಳ್ಳಿ. ಅದರಲ್ಲಿ ಉತ್ತರ ದಿಕ್ಕಿನ ಗುರುತು, ನೆಟ್ಟ ಕಲ್ಲುಗಳ ಗುರುತು, ಸುತ್ತಲಿನ ಸರ್ವೆ ನಂಬರುಗಳು, ಒತ್ತುವರಿ ಇದ್ದರೆ ಅದರ ವಿಸ್ತೀರ್ಣ, ಅಳತೆಯ ತಾರೀಖು, ಸಹಿ, ಮೊಹರು, ಇಷ್ಟನ್ನೂ ಕಚೇರಿಯ ಮೆಟ್ಟಿಲು ಇಳಿಯುವ ಮುಂಚೆ ನೋಡಿ. ಅಲ್ಲೇ ಕಂಡ ತಪ್ಪನ್ನು ತಿದ್ದಿಸುವುದು ಸುಲಭ, ಆರು ತಿಂಗಳ ಮೇಲೆ ಕಂಡರೆ ಅದಕ್ಕೇ ಬೇರೆ ಅರ್ಜಿ. ಪ್ರತಿ ಕಲ್ಲಿನ ಫೋಟೊ ತೆಗೆದಿಡಿ, ಹಿನ್ನೆಲೆಯಲ್ಲಿ ಮರವೋ ಬಾವಿಯೋ ಕಾಣುವ ಹಾಗೆ. ವರ್ಷಕ್ಕೊಮ್ಮೆ ಕಲ್ಲಿನ ಸುತ್ತಲ ಕಳೆ ಕೀಳಿಸಿ, ಸುಣ್ಣ ಬಳಿಸಿ. ಟ್ರ್ಯಾಕ್ಟರಿನವನಿಗೆ ಉಳುವ ಮುಂಚೆ ತೋರಿಸಿ, ಕಲ್ಲು ಬೀಳುವುದು ಹೆಚ್ಚಾಗಿ ಅವನ ನೇಗಿಲಿಗೆ.

ನಾನು ನಕ್ಷೆಯ ಇನ್ನೊಂದು ನಕಲನ್ನೂ ತೆಗೆಸಿದ್ದೆ. ಅದನ್ನು ಪಕ್ಕದ ಹೊಲದವನಿಗೆ ಕೊಟ್ಟೆ. ಅವನು ಬಹಳ ಹೊತ್ತು ತಿರುಗಿಸಿ ಮುರುಗಿಸಿ ನೋಡಿ, ಮಡಚಿ, ಪಡಸಾಲೆಯ ತೊಲೆಯ ಸಂದಿಗೆ ಸಿಕ್ಕಿಸಿದ. ಮೊನ್ನೆ ಯುಗಾದಿಗೆ ಅವರ ಮನೆಗೆ ಹೋದಾಗ ನೋಡಿದೆ, ಇನ್ನೂ ಅಲ್ಲೇ ಇದೆ.